ಎದುರು ಮನೆಗೆ ಹೊರಟ ಒಣಸಿಗಡಿ ಡಬ್ಬಿ

ಲಂಡನ್ನಿನ ಕ್ರೋಯ್ಡನ್ನಿಗೆ ಬಂದ ಮೊದಲ ವರ್ಷ ಕನ್ನಡದವರ ಊಟದ ಕೂಟವೊಂದರಲ್ಲಿ ಮೈಸೂರಿನ ಡಾಕ್ಟರಮ್ಮ ಒಬ್ಬರು ಕೇಳಿದ್ದರು: "ಉಡುಪಿ ಕಡೆಯೋರು ಅಂದ್ರೆ ನೀವೂ ವೆಜ್ ಅಲ್ವಾ?" ತಲೆಯಾಡಿಸಿಬಿಟ್ಟೆ. ಕುಂದಾಪುರದ ಮನೆಯಲ್ಲಿ ಮೀನಿಲ್ಲದೆ ಗಂಟಲಲ್ಲಿ ಅನ್ನ ಇಳಿಯದವಳು ನಾನು. ಹೊಸ ಊರಲ್ಲಿ ನಾಲ್ಕು ಜನ ಸಿಕ್ಕಿದ್ದರು, ಅವರನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಆ ಸುಳ್ಳನ್ನು ಏಳು ವರ್ಷ ಜೋಪಾನ ಮಾಡಿದೆ, ಮಗಳಿಗೂ ಹೇಳಿಕೊಟ್ಟೆ.

ಹೋದ ಮಾರ್ಚಿನಲ್ಲಿ ಕೂಟ ನಮ್ಮ ಫ್ಲ್ಯಾಟಿನಲ್ಲೇ ಎಂದಾಯಿತು. ಬೆಳಿಗ್ಗೆಯಿಂದ ಅಮ್ಮ ಕಳಿಸಿದ್ದ ಒಣಸಿಗಡಿ ಡಬ್ಬಿ ಹಿಡಿದು ಮನೆಯೆಲ್ಲ ಸುತ್ತಿದೆ. ಎಲ್ಲಿಟ್ಟರೂ ವಾಸನೆ. "ಎಂತಕ್ಕೆ ಹೆದ್ರುದ್? ಕದ್ಕಂಡ್ ಬಂದದ್ದಾ ಅದ್?" ಎಂದು ಗಂಡ ನಕ್ಕರು. ಸಿಟ್ಟು ಬಂತು. ನೇರ ಹೋಗಿ ಎದುರಿನ ಫ್ಲ್ಯಾಟಿನ ಜಪಾನಿ ಅಜ್ಜಿಯ ಬಾಗಿಲು ತಟ್ಟಿದೆ. ಸಂಜೆಯವರೆಗೆ ಇದನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿ, ಕಾರಣವನ್ನೂ ಹೇಳಿದೆ.

ಅಜ್ಜಿ ಮುಚ್ಚಳ ತೆರೆದು ಮೂಸಿದರು. ನಗುತ್ತಾರೆಂದುಕೊಂಡಿದ್ದೆ, ಅವರ ಕಣ್ಣು ತುಂಬಿತ್ತು. ಬಾಲ್ಕನಿಗೆ ಕರೆದೊಯ್ದು, ಹಳೆ ಕಂಬಳಿ ಸರಿಸಿ ಒಂದು ಜಾಡಿ ತೋರಿಸಿದರು. ಎಲೆಕೋಸಿಗೆ ಮೆಣಸಿನಪುಡಿ, ಬೆಳ್ಳುಳ್ಳಿ, ಉಪ್ಪು ಸಿಗಡಿ ಹಾಕಿ ಹುಳಿ ಬರಿಸಿದ ಕಿಮ್ಚಿ. ಅವರು ಹುಟ್ಟಿದ್ದು ಜಪಾನಿನ ಒಸಾಕಾದಲ್ಲಿ ನಿಜ, ಆದರೆ ತಂದೆ ತಾಯಿ ಕೊರಿಯಾದವರು, ಅಲ್ಲಿ ಕೊರಿಯಾದವರೆಂದರೆ ಕೀಳಾಗಿ ಕಾಣುತ್ತಿದ್ದರಂತೆ. ಜಪಾನಿನವರು ಯಾರಾದರೂ ಮನೆಗೆ ಬರುವುದಿದ್ದರೆ ಅಜ್ಜಿಯ ಅಮ್ಮ ಕಿಮ್ಚಿ ಜಾಡಿಯನ್ನು ಪಕ್ಕದ ಕೊರಿಯನ್ ಮನೆಗೆ ಸಾಗಿಸುತ್ತಿದ್ದರಂತೆ. ಶಾಲೆಗೆ ಹೊರಡುವ ಮುಂಚೆ ಮಕ್ಕಳು ಎರಡೆರಡು ಸಲ ಬಾಯಿ ಮುಕ್ಕಳಿಸಬೇಕಿತ್ತಂತೆ. ಲಂಡನ್ನಿಗೆ ಬಂದ ಮೇಲೂ ಜಪಾನಿನವಳು ಎಂದೇ ಹೇಳಿಕೊಂಡು ಬಂದರು. "ನನ್ನ ಮಗನಿಗೆ ಇದರ ರುಚಿ ಗೊತ್ತಿಲ್ಲ. ನಾನೇ ಕಲಿಸಲಿಲ್ಲ," ಎಂದರು. ಮಗಳಿಗೆ ನಾನು ಸುಳ್ಳು ಹೇಳಿಕೊಟ್ಟದ್ದು ನೆನಪಾಯಿತು. ಡಬ್ಬಿ ವಾಪಸು ಇಸಿದುಕೊಂಡು, ನೀವೂ ಊಟಕ್ಕೆ ಬನ್ನಿ ಎಂದೆ.

ಸಿಗಡಿ ಹುರಿದು, ಕಾಯಿ, ಹುಣಸೆ, ಒಣಮೆಣಸು ಹಾಕಿ ಚಟ್ನಿ ಅರೆದೆ. ಆದರೆ ಬಟ್ಟಲನ್ನು ಒಲೆಯ ಪಕ್ಕ ಮುಚ್ಚಿಟ್ಟೆ. ಧೈರ್ಯ ಇದ್ದದ್ದು ಅಷ್ಟೇ. ಊಟದ ನಡುವೆ ಡಾಕ್ಟರಮ್ಮ, ನೀವು ಜಪಾನಿನವರಂತೆ, ಹೌದಾ ಎಂದು ಅಜ್ಜಿಯನ್ನು ಮಾತಾಡಿಸಿದರು.

ಅಜ್ಜಿ ಚಮಚ ಕೆಳಗಿಟ್ಟರು. "ಅಲ್ಲ. ನಾನು ಒಸಾಕಾದಲ್ಲಿ ಹುಟ್ಟಿದ ಕೊರಿಯಾದವಳು," ಎಂದರು.

ಎಂಬತ್ತರ ಹೆಂಗಸು ಬಾಯಿಬಿಟ್ಟು ಹೇಳಿದ ಮೇಲೆ ನನಗೇನು ಧಾಡಿ? ಎದ್ದು ಹೋಗಿ ಬಟ್ಟಲು ತಂದಿಟ್ಟೆ. "ಇದು ಸಿಗಡಿ ಚಟ್ನಿ. ನಾವು ಮೀನು ತಿನ್ನೋರು. ಇಷ್ಟ್ ವರ್ಷ ಸುಳ್ಳು ಹೇಳಿದ್ದೆ, ಬೇಜಾರ್ ಮಾಡ್ಕೋಬೇಡಿ."

ಡಾಕ್ಟರಮ್ಮ ತಮ್ಮ ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿಕೊಂಡರು. ಆಮೇಲೆ, "ಬಾಗಿಲಲ್ಲೇ ವಾಸ್ನೆ ಗೊತ್ತಾಯ್ತು ಬಿಡಿ. ಅಲ್ರೀ, ಏಳು ವರ್ಷ ನಮ್ ಜೊತೆ ಬರೀ ಬಿಸಿಬೇಳೆಬಾತ್ ತಿಂದ್ರಾ? ಪಾಪ! ಮುಂದಿನ್ ಸಲ ನಮ್ಮನೆಗೆ ನಿಮ್ ಡಬ್ಬಿ ತನ್ನಿ, ಬೇರೆ ಟೇಬಲ್ ಹಾಕ್ತೀನಿ," ಎಂದರು.

ಬೇರೆ ಟೇಬಲ್ ಎಂದದ್ದು ಒಂದು ಗಳಿಗೆ ಚುಚ್ಚಿತು, ಇಲ್ಲ ಎನ್ನಲಾರೆ. ಆದರೆ ಅಷ್ಟರಲ್ಲಿ ನನ್ನ ಮಗಳು ಅಜ್ಜಿಯ ತಟ್ಟೆಗೂ ತನ್ನ ತಟ್ಟೆಗೂ ಚಟ್ನಿ ಬಡಿಸಿ, ಅಷ್ಟೂ ಜನರೆದುರು ಬೆರಳು ನೆಕ್ಕುತ್ತ ಉಣ್ಣುತ್ತಿದ್ದಳು.