ಎಮ್ಮೆಗೆ ಬಹುವಚನ

ದೊಡ್ಡತ್ತೆ ಎಮ್ಮೆಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಮೈದುನಂದಿರನ್ನು ಏಕವಚನದಲ್ಲಿ. "ನಿಂಗ ಒಂಚೂರು ಆಚೆ ಸರೀರಿ, ಕಾಲಡಿ ಸಗಣಿ ಇದ್ದು" ಎಂದು ಬೆಳಿಗ್ಗೆ ಕೊಟ್ಟಿಗೆಯಿಂದ ಕೇಳುವ ಆ ವಿನಯದ ದನಿಗೆ, ಮಠದಿಂದ ಯಾರೋ ದೊಡ್ಡವರು ಬಂದು ಇಳಿದಿದ್ದಾರೆಂದು ಹೊಸಬರು ಎದ್ದು ಪಂಚೆ ಸರಿ ಮಾಡಿಕೊಳ್ಳಬೇಕು. ಮರುಕ್ಷಣವೇ ಜಗಲಿಯಲ್ಲಿ ಮಲಗಿದ್ದ ಮೈದುನನ ಮೇಲೆ ಅದೇ ಗಂಟಲಿನಿಂದ, "ಏ, ಬಿಸಿಲು ಹೊಟ್ಟೆ ಮೇಲೆ ಬಂತು, ಎದ್ದು ಹುಲ್ಲು ಇಳಿಸು" ಎಂದು ಬೀಳುತ್ತಿತ್ತು. ಈ ಭೇದ ಯಾಕೆಂದು ನಾನೊಮ್ಮೆ ಕೇಳಿದ್ದೆ. "ಎಮ್ಮೆ ಹಾಲು ಕೊಡ್ತು. ಇವ್ವು ಎಂತ ಕೊಡ್ತ?" ಎಂದರು. ನನ್ನ ಮಾವನೂ ಆ ಮೈದುನಂದಿರಲ್ಲಿ ಒಬ್ಬರಾದ್ದರಿಂದ ನಾನು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಗಂಡನನ್ನು ಹೆಂಡತಿ ನೇರವಾಗಿ ಮಾತಾಡಿಸುವ ಪದ್ಧತಿ ಆಗ ನಮ್ಮ ಮನೆಯಲ್ಲಿರಲಿಲ್ಲ. ದೊಡ್ಡತ್ತೆಗೆ ಇದರಿಂದ ಅನುಕೂಲವೇ ಆಗಿತ್ತು. ಯಜಮಾನರಿಗೆ ಹೇಳಬೇಕಾದುದನ್ನೆಲ್ಲ ಅವರು ಎಮ್ಮೆಗಳಿಗೆ ಹೇಳುತ್ತಿದ್ದರು, ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ.

ಸಿದ್ದಾಪುರ ಸೀಮೆಯ ಆ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಸೊಸೆಯಂದಿರು, ಬಂದವರು ಹೋಗದೆ ಉಳಿದ ನೆಂಟರು. ಒಟ್ಟು ಎಷ್ಟು ಜನ ಎಂದು ಕೇಳಿದರೆ ಯಜಮಾನರಾದ ದೊಡ್ಡಮಾವ ಬೆರಳು ಮಡಚುತ್ತಾ ಮಧ್ಯದಲ್ಲಿ ತಪ್ಪುತ್ತಿದ್ದರು. ಕೊಟ್ಟಿಗೆಯ ಲೆಕ್ಕ ಹಾಗಲ್ಲ. ಯಾವ ಎಮ್ಮೆಗೆ ಎಷ್ಟು ತಿಂಗಳ ಗಬ್ಬ, ಯಾವ ದನ ಯಾರ ಮೊಮ್ಮಗಳು, ಯಾವ ಕರುವಿನ ಹೊಟ್ಟೆಯಲ್ಲಿ ಹುಳ ಎಂಬುದೆಲ್ಲ ದೊಡ್ಡತ್ತೆಗೆ ಬಾಯಿಪಾಠ. ನನಗೆ ಚೊಚ್ಚಲ ಬಸಿರು ನಿಂತದ್ದು ಮಾತ್ರ ಅವರಿಗೆ ತಿಳಿದದ್ದು ಊರಿಗೆಲ್ಲ ತಿಳಿದ ಮೇಲೆ. "ಹೌದಾ? ಆನು ಊಟ ಹೆಚ್ಚಾತು ಹೇಳಿ ಮಾಡಿದ್ದೆ" ಎಂದರು.

ನಾನು ಯಲ್ಲಾಪುರದ ಕಡೆಯವಳು. ಮದುವೆಯಾಗಿ ಹೊಸ್ತಿಲು ದಾಟಿದ ಮರುದಿನ ಉಳಿದ ಅತ್ತೆಯಂದಿರು ನನ್ನ ಸೀರೆ, ಬಳೆ, ಮೂಗುಬೊಟ್ಟು ನೋಡಿದರು. ದೊಡ್ಡತ್ತೆ "ಕೈ ತೋರ್ಸು" ಎಂದರು. ಅಂಗೈ ತಿರುವಿ, ಬೆರಳು ಒತ್ತಿ, ಸಂತೆಯಲ್ಲಿ ಬದನೆಕಾಯಿ ನೋಡಿದ ಹಾಗೆ ನೋಡಿ ಬಿಟ್ಟರು. "ಈ ಕೈ ಮುಟ್ಟಿರೆ ಎಮ್ಮೆಗೆ ನಾಚಿಕೆ ಬಕ್ಕು. ಹಾರ್ಮೋನಿಯಂ ನುಡಿಸಲೆ ತಂದ್ವನೋ."

ಅಂದೇ ಸಂಜೆ ನನ್ನನ್ನು ಸುಂದರಿಯ ಬುಡದಲ್ಲಿ ಕೂರಿಸಿದರು. ಸುಂದರಿ ಎಂಬ ಹೆಸರನ್ನು ಆ ಎಮ್ಮೆಗೆ ಇಟ್ಟವರಿಗೆ ಒಂದೋ ಕಣ್ಣಿರಲಿಲ್ಲ, ಇಲ್ಲವೇ ಹಾಸ್ಯಪ್ರಜ್ಞೆ ಇತ್ತು. ಒಂದು ಕೋಡು ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ನಾನು ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಅದು ಒದ್ದ ರಭಸಕ್ಕೆ ತಂಬಿಗೆ ಒಂದು ಕಡೆ, ನಾನು ಸಗಣಿಯಲ್ಲಿ. ದೊಡ್ಡತ್ತೆ ಓಡಿ ಬಂದರು. ನನ್ನನ್ನು ದಾಟಿ ಹೋಗಿ ಎಮ್ಮೆಯ ಕಾಲು ಸವರಿ, "ನಿಂಗಕ್ಕೆ ಪೆಟ್ಟಾತನ?" ಎಂದು ವಿಚಾರಿಸಿದರು. ಊಟವಾದ ಮೇಲೆ ಬಂದು ನನ್ನ ಮಂಡಿಗೆ ಬೆಚ್ಚಗಿನ ಎಣ್ಣೆ ತಿಕ್ಕಿದವರೂ ಅವರೇ. ತಿಕ್ಕುವಾಗ ನಾನು ಅತ್ತುಬಿಟ್ಟೆ. "ಅಳಡ. ಅದು ಮೊದಲು ಎಲ್ಲರನ್ನೂ ಒದೀತು. ಯನ್ನ ಎರಡು ಸಲ ಒದ್ದಿದ್ದು" ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಸಮಾಧಾನದ ಮಾತು ಅದು. ಸಮಾಧಾನ ಎಂದು ಗೊತ್ತಾಗಲು ಒಂದು ವರ್ಷ ಬೇಕಾಯಿತು.

ದೊಡ್ಡಮಾವ ಗೋಮಾತೆಯ ಪರಮ ಭಕ್ತರು. ಪೇಪರು ಓದುತ್ತಿದ್ದರು, ಖಾದಿ ಉಡುತ್ತಿದ್ದರು, ಗೋವಿನ ಮೈಯಲ್ಲಿ ಯಾವ ಯಾವ ದೇವರು ಎಲ್ಲೆಲ್ಲಿ ಇದ್ದಾರೆಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಗೋವು ಇದ್ದ ಕೊಟ್ಟಿಗೆಗೆ ಮಾತ್ರ ವರ್ಷಕ್ಕೊಮ್ಮೆ, ದೀಪಾವಳಿಯ ಗೋಪೂಜೆಯಂದು, ಹಣೆಗೆ ಕುಂಕುಮ ಹಚ್ಚುವಷ್ಟು ಹೊತ್ತು ಬರುತ್ತಿದ್ದರು.

ಒಮ್ಮೆ ಪೇಪರಿನಲ್ಲಿ ತಳಿ ಸುಧಾರಣೆಯ ಬಗ್ಗೆ ಓದಿದರು. ನಮ್ಮ ಸೀಮೆಯ ಗಿಡ್ಡ ದನಗಳು ದೇಶದ ಅವಮಾನವೆಂದು ಅವರಿಗೆ ಖಚಿತವಾಯಿತು. ಮೂಡಲ ಬಯಲುಸೀಮೆಯಿಂದ ಒಂದು ಭಾರೀ ಹೋರಿ ತರಿಸಿದರು. ಬಿಳಿ ಮೈ, ಮನೆಯ ಕಂಬದಂಥ ಕಾಲು. ಊರವರೆಲ್ಲ ನೋಡಲು ಬಂದರು. ಹೋರಿ ಬಾಗಿಲಲ್ಲಿ ಹಿಡಿಸದೆ ಕೊಟ್ಟಿಗೆಯ ಚೌಕಟ್ಟು ಕಿತ್ತರು. ಅದಕ್ಕೆ ಬೆಟ್ಟ ಹತ್ತಲು ಬರುತ್ತಿರಲಿಲ್ಲ. ಮೇಯಲು ಬಿಟ್ಟರೆ ಏರು ಕಂಡಲ್ಲಿ ನಿಂತು ಬಯಲುಸೀಮೆಯ ದಿಕ್ಕಿಗೆ ಮುಖ ಮಾಡಿ ನಿಟ್ಟುಸಿರಿಡುತ್ತಿತ್ತು. ನಮ್ಮ ಗಿಡ್ಡ ದನಗಳೋ, ಅದನ್ನು ಕಂಡದ್ದೇ ಬಾಲ ಎತ್ತಿ ಕಾಡಿಗೆ ಓಡುತ್ತಿದ್ದವು. ದೇಶದ ಸುಧಾರಣೆ ಅಲ್ಲಿಗೇ ನಿಂತಿತು.

ದೊಡ್ಡತ್ತೆ ಒಂದು ಮಳೆಗಾಲ ಪೂರ್ತಿ ಆ ಹೋರಿಗೆ ಹುಲ್ಲು ಹೊತ್ತು ಹಾಕಿದರು. ಕೊನೆಗೊಂದು ದಿನ ಜಗಲಿಯಲ್ಲಿ ನಾಲ್ಕು ಜನ ದೊಡ್ಡ ಮನುಷ್ಯರು ಕೂತಿದ್ದಾಗ ಸುಂದರಿಗೆ ಸಮಾಚಾರ ಹೇಳಿದರು. "ಕೇಳಿದ್ರಾ? ಹೊತ್ತೊತ್ತಿಗೆ ಉಣ್ತು, ಮಲಗ್ತು, ಕೆಲಸ ಹೇಳಿರೆ ಮೋರೆ ತಿರುಗಿಸ್ತು. ಈ ಮನೆಯ ಗಂಡಸರಿಗೆ ಒಬ್ಬ ಕಡಿಮೆ ಇದ್ದಿದ್ದ. ಈಗ ಭರ್ತಿ ಆತು." ಹೋರಿ ಮುಂದಿನ ವಾರವೇ ಬಂದ ದಾರಿಯಲ್ಲಿ ಹಿಂದಕ್ಕೆ ಹೋಯಿತು. ಹೋಗುವಾಗ ಅದು ಓಡುತ್ತಿತ್ತು.

ಆಮೇಲೆ ಕರನಿರಾಕರಣೆ ಬಂತು. ಸಿದ್ದಾಪುರದ ಹಳ್ಳಿಗಳಲ್ಲಿ ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಮನೆಮನೆಗಳು ಪ್ರತಿಜ್ಞೆ ಮಾಡಿದವು. ದೊಡ್ಡಮಾವ ಸಭೆಯಲ್ಲಿ ಎದ್ದು ನಿಂತು, "ನಮ್ಮ ಮನೆಯ ಸರ್ವಸ್ವ ಹೋದರೂ ಕಾಸು ಕೊಡೆವು" ಎಂದು ಬಂದರು. ಸರ್ವಸ್ವದಲ್ಲಿ ಏನೇನು ಬರುತ್ತದೆ ಎಂದು ಮನೆಯ ಹೆಂಗಸರನ್ನು ಕೇಳಿರಲಿಲ್ಲ. ದೊಡ್ಡತ್ತೆ ಕರುವಿಗೆ ಅಕ್ಕಚ್ಚು ಕುಡಿಸುತ್ತಾ, "ಸರ್ವಸ್ವ ಹೇಳಿರೆ ನೀನೇ, ತಮಾ. ಅವರ ಪೇಪರು ಯಾರು ಒಯ್ತ?" ಎಂದರು.

ವಾರ ಕಳೆಯುವುದರೊಳಗೆ ದೊಡ್ಡಮಾವನನ್ನೂ ನನ್ನ ಮಾವನನ್ನೂ ನನ್ನ ಗಂಡನನ್ನೂ ಹಿಡಿದು ಒಯ್ದರು. ಉಳಿದಿಬ್ಬರು ಮಾವಂದಿರು ಸಭೆಯೋ ತಲೆಮರೆಸಿಕೊಳ್ಳುವುದೋ, ಅಂತೂ ಮನೆಯಲ್ಲಿರಲಿಲ್ಲ. ಜಪ್ತಿಗೆ ಕಾರಕೂನನೊಬ್ಬ ಜವಾನರ ಜೊತೆ ಬಂದಾಗ ಹೆಂಗಸರು ಮಕ್ಕಳು ಮಾತ್ರ. ಪಾತ್ರೆಗಳನ್ನು ಮೊದಲೇ ಅಡಗಿಸಿದ್ದೆವು. ಎಮ್ಮೆಯನ್ನು ಎಲ್ಲಿ ಅಡಗಿಸುವುದು?

ದೊಡ್ಡತ್ತೆ ಬಂದವರಿಗೆ ಮಜ್ಜಿಗೆ ಕೊಟ್ಟರು. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡುವುದು ಪದ್ಧತಿ. ಆಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದರು, "ಎಮ್ಮೆಯ ಯಾವ ಬದಿಯಿಂದ ಹಿಡಿಯವು ಹೇಳಿ ಸರಕಾರ ಕಲಿಸಿದ್ದಾ?"

ಕಲಿಸಿರಲಿಲ್ಲ. ಬಾಕಿಗೆಂದು ಕಾರಕೂನ ಆರಿಸಿದ್ದು ಸುಂದರಿಯನ್ನು. ಒಬ್ಬ ಜವಾನ ಹಗ್ಗ ಎಳೆದ; ಅದು ಕೂತಿತು. ಇನ್ನೊಬ್ಬ ಬಾಲ ತಿರುಚಿದ, ಅದು ಮಲಗಿತು. ಮಕ್ಕಳು ನಗತೊಡಗಿದವು. ಕಾರಕೂನನ ಮುಖ ಕೆಂಪಾಯಿತು. ಆಗ ಜವಾನ ಬಡಿಗೆ ಎತ್ತಿ ಹೊಡೆದ. ಮಕ್ಕಳ ನಗೆ ನಿಂತಿತು.

ಎರಡನೆಯ ಪೆಟ್ಟು ಬೀಳುವ ಮೊದಲು ದೊಡ್ಡತ್ತೆ ನಡುವೆ ಹೋಗಿ ನಿಂತರು. "ಹೊಡೀಡ. ನಡೆಸಲೆ ಬಾರದ್ದಕ್ಕೆ ಅದೆಂತ ಮಾಡ್ತು?" ಎಂದು ಹೇಳಿ ತಾವೇ ಹಗ್ಗ ಬಿಚ್ಚಿದರು. ಸುಂದರಿ ಎದ್ದಿತು. ಅಂಗಳದಾಚೆಯ ಬೇಲಿಯ ದಣಪೆ ದಾಟುವವರೆಗೆ ಅವರೇ ನಡೆಸಿಕೊಂಡು ಹೋಗಿ, ಹಗ್ಗವನ್ನು ಜವಾನನ ಕೈಗೆ ಕೊಟ್ಟರು. "ಹೋಗಿ ಬನ್ನಿ" ಎಂದರು. ಅದು ಜವಾನನಿಗೆ ಹೇಳಿದ್ದಲ್ಲ.

ಒಳಗೆ ಬಂದ ದೊಡ್ಡತ್ತೆ ಅಂದು ಯಾರನ್ನೂ ಮಾತಿನಲ್ಲಿ ಚುಚ್ಚಲಿಲ್ಲ. ಅದು ನಮಗೆಲ್ಲ ಹೆದರಿಕೆ ಹುಟ್ಟಿಸಿತು.

ಜಪ್ತಿಯಾದ ದನಗಳನ್ನು ಲಿಲಾವಿನಲ್ಲಿ ಯಾರೂ ಕೊಳ್ಳಬಾರದೆಂದು ಊರೂರಿಗೆ ಕಟ್ಟು ಮಾಡಿದ್ದರು. ಬಹುಮಟ್ಟಿಗೆ ಯಾರೂ ಕೊಳ್ಳಲಿಲ್ಲ. ಸುಂದರಿಯನ್ನು ಮಾತ್ರ ಒಬ್ಬ ಪುಣ್ಯಾತ್ಮ ಕೊಂಡ. ಆ ಪುಣ್ಯಾತ್ಮ ಗಣಪಯ್ಯ, ದೊಡ್ಡತ್ತೆಯ ಒಡಹುಟ್ಟಿದ ತಮ್ಮ. ಕಾನಸೂರಿನಿಂದ ಆಚೆಗೆ ಅವರ ತವರು. ಸುದ್ದಿ ತಂದವನು ಹೇಳಲು ಹಿಂಜರಿದ. ದೊಡ್ಡತ್ತೆ ಕೇಳಿ, ಸೆರಗು ಕೊಡವಿ, "ತವರಿಗೆ ಹೋಗದ್ದೆ ರಾಶಿ ದಿನ ಆಗಿತ್ತು" ಎಂದರು. ನನ್ನ ಕಡೆ ತಿರುಗಿ, "ನೀನೂ ಬಾ ತಂಗಿ. ನೆಂಟರ ಮನೆ ಹೆಂಗಿರ್ತು ಹೇಳಿ ನೋಡು" ಎಂದರು.

ನಾವು ಹೋದದ್ದು ಬೆಳಗಿನ ಹೊತ್ತು, ನನ್ನ ಸೊಂಟದಲ್ಲಿ ಕೂಸು. ಅವರು ತವರಿನ ಅಂಗಳದ ನಡುವೆ, ತುಳಸಿಯ ಪಕ್ಕ ಕುಳಿತರು. ಒಳಗೆ ಹೋಗಲಿಲ್ಲ. ಬೆಲ್ಲ ನೀರು ತಂದರೆ ಮುಟ್ಟಲಿಲ್ಲ. ಗಣಪಯ್ಯ ಹೊರಬಂದ.

"ಅಕ್ಕಾ, ಒಳಗೆ ಬಾ. ಹಿಂಗೆ ಕೂತ್ರೆ ಜನ ಎಂತ ಹೇಳ್ಗು?"

"ಜನ ಹೇಳಲಿ ಹೇಳಿಯೇ ಕೂತಿದ್ದು. ಆನು ನೆಂಟಸ್ತಿಕೆಗೆ ಬೈಂದ್ನಿಲ್ಲೆ. ಎಮ್ಮೆ ಹೊಡ್ಕಂಡು ಹೋಪಲೆ ಬಂದೆ."

"ಬೇರೆಯವರ ಪಾಲಾಪ್ದು ಬ್ಯಾಡ ಹೇಳಿ ಆನು ತಗಂಡೆ. ಮನೆದು ಮನೇಲೇ ಉಳೀಲಿ ಹೇಳಿ."

"ರಾಶಿ ಉಪಕಾರ ಆತು. ಎರಡು ಹೊತ್ತೂ ಹಾಲು ಕರೀತಿದ್ಯಲ, ಅದೂ ಅದಕ್ಕೆ ಬೇಜಾರಾಗದ್ದಿರಲಿ ಹೇಳಿಯಾ?"

ಲಿಲಾವಿಗೆ ತಾನು ಕೊಟ್ಟ ಹಣ ಕೊಟ್ಟು ಒಯ್ಯಲಿ ಎಂದ ಗಣಪಯ್ಯ. ದೊಡ್ಡತ್ತೆ ತಲೆಯಾಡಿಸಿದರು. "ಅದನ್ನ ಕೊಟ್ರೆ ಕಂದಾಯವೇ ಕೊಟ್ಟ ಹಾಂಗಾತು. ಮನೆಯವ್ವು ಜೈಲಲ್ಲಿ ಕೂತು ಪ್ರತಿಜ್ಞೆ ಕಾಯ್ತ. ಆನು ಇಲ್ಲಿ ಬಂದು ಮುರೀಲಾ?"

ನಾನು ಅವರ ಮುಖ ನೋಡಿದೆ. ಆ ಪ್ರತಿಜ್ಞೆಯನ್ನು ಅವರು ಮನೆಯಲ್ಲಿ ಹಾಸ್ಯ ಮಾಡದ ದಿನವಿರಲಿಲ್ಲ. ಇಲ್ಲಿ, ಪರರ ಎದುರು, ಒಂದು ಅಕ್ಷರವೂ ಬಿಟ್ಟುಕೊಡಲಿಲ್ಲ.

ಸುತ್ತಲಿನ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಜೊತೆ ಕೂತರು. ಯಾರೋ ದೇಶದ ಹಾಡು ಶುರು ಮಾಡಿದರು, ದೊಡ್ಡತ್ತೆಯೂ ಹಾಡಬೇಕೆಂದರು. "ನಿಂಗ ಹಾಡಿ. ಯನ್ನ ಹಾಡು ಕೇಳಿರೆ ಎಮ್ಮೆ ತಾನೇ ಬತ್ತಿಲ್ಲೆ ಹೇಳ್ಗು" ಎಂದರು. ಅಂದು ಕಳೆಯಿತು. ಅವರು ಹನಿ ನೀರು ಕುಡಿಯಲಿಲ್ಲ. ನನಗೆ ಮಾತ್ರ, "ನೀನು ಮೊಲೆಕೂಸು ಇದ್ದವಳು, ಪಕ್ಕದ ಮನೇಲಿ ಉಂಡು ಬಾ. ಸ್ವರಾಜ್ಯ ಬಂದ ಮೇಲೆ ಎಮ್ಮೆ ಕರೀಲೆ ಯಾರಾದ್ರೂ ಇರವು" ಎಂದರು.

ಮರುದಿನ ಬಿಸಿಲೇರಿದಾಗ ಒಳಗಿನಿಂದ ಅವರ ಆಯಿ ಬಂದರು. ಬೆನ್ನು ಬಾಗಿ ಮುಖ ನೆಲಕ್ಕೆ ಸಮೀಪವಾಗಿದ್ದ ಮುದುಕಿ. ಮಗಳನ್ನು ಒಳಗೆ ಕರೆಯಲು ಬಂದರೆಂದೇ ಎಲ್ಲರೂ ತಿಳಿದೆವು. ಅವರು ಕೋಲೂರಿಕೊಂಡು ಮೆಟ್ಟಿಲಿಳಿದು, ಮಗಳ ಪಕ್ಕ ಮೆಲ್ಲನೆ ಕುಳಿತರು.

ಗಣಪಯ್ಯ ಓಡಿ ಬಂದ. "ಆಯೀ, ನೀನೆಂತಕ್ಕೆ ಬಿಸಿಲಲ್ಲಿ?"

"ಒಳಗೆ ಆ ಎಮ್ಮೆಯ ಮಜ್ಜಿಗೆ ಬಡಿಸ್ತ" ಎಂದರು ಮುದುಕಿ. "ಗಂಟಲಲ್ಲಿ ಇಳೀತಿಲ್ಲೆ."

ಅಲ್ಲಿಗೆ ಮುಗಿಯಿತು. ಗಣಪಯ್ಯ ಕೊಟ್ಟಿಗೆಗೆ ಹೋಗಿ ಸುಂದರಿಯನ್ನು ಬಿಚ್ಚಿ ತಂದು ಹಗ್ಗ ಚಾಚಿದ. ದೊಡ್ಡತ್ತೆ ಕೈ ನೀಡಲಿಲ್ಲ. "ತಂದವನೇ ಕಟ್ಟಿ ಬರವು" ಎಂದರು.

ಹಾಗೆ ಅಂದು ನಡುಹಗಲಲ್ಲಿ, ಎರಡು ಊರಿನ ಜನ ದಾರಿಯ ಪಕ್ಕ ನಿಂತು ನೋಡುತ್ತಿರುವಾಗ, ಗಣಪಯ್ಯ ಎಮ್ಮೆಯ ಹಗ್ಗ ಹಿಡಿದು ಮುಂದೆ, ದೊಡ್ಡತ್ತೆ ಹಿಂದೆ. ಅವರಿಗೆ ಹೆಜ್ಜೆ ಹಾಕುವ ತ್ರಾಣವಿರಲಿಲ್ಲ. ಸುಂದರಿಯ ಬೆನ್ನ ಮೇಲೆ ಕೈಯೂರಿ ನಡೆದರು. ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದ ಗಣಪಯ್ಯ ಯಾರನ್ನೂ ನೋಡದೆ ಹಿಂತಿರುಗಿದ. ಅವನ ಬೆನ್ನಿಗೆ ದೊಡ್ಡತ್ತೆ, "ಉಂಡ್ಕಂಡು ಹೋಗು" ಎಂದರು. ಅವನು ನಿಲ್ಲಲಿಲ್ಲ.

ದೊಡ್ಡಮಾವ ಜೈಲಿನಿಂದ ಬಂದಾಗ ಸಣ್ಣ ಸಭೆ ನಡೆಯಿತು. ನಮ್ಮ ಮನೆತನದ ತ್ಯಾಗದ ಬಗ್ಗೆ ಅವರು ಬಹಳ ಹೊತ್ತು ಮಾತಾಡಿದರು. ಎಮ್ಮೆ ಹೋದದ್ದು ಮಾತಿನಲ್ಲಿ ಬಂತು. ತಿರುಗಿ ಬಂದದ್ದು ಹೇಗೆಂಬುದು ಭಾಷಣದ ಉದ್ದದಲ್ಲಿ ಎಲ್ಲೋ ಬಿದ್ದುಹೋಯಿತು. ಒಳಗೆ ದೊಡ್ಡತ್ತೆ ಅಷ್ಟೂ ಜನಕ್ಕೆ ಕಾಫಿಗೆ ಹಾಲು ಕಾಸುತ್ತಿದ್ದರು. "ಜೈಲಲ್ಲಿ ಒಳ್ಳೆ ಊಟ ಇತ್ತು ಕಾಣ್ತು, ದನಿ ಗಟ್ಟಿ ಆಜು" ಎಂದರು, ಅಷ್ಟೆ.

ದೊಡ್ಡತ್ತೆ ಕಳೆದುಕೊಂಡದ್ದು ಬೇರೆ. ಆ ದಿನದ ನಂತರ ತವರಿನಿಂದ ಅವರಿಗೆ ಕರೆ ಬರಲಿಲ್ಲ, ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ. ಆಯಿ ತೀರಿಕೊಂಡ ಸುದ್ದಿ ಮೂರನೆಯವರ ಬಾಯಲ್ಲಿ, ಎಲ್ಲ ಮುಗಿದ ಮೇಲೆ ತಲುಪಿತು. ಅದನ್ನು ಕೇಳಿ ದೊಡ್ಡತ್ತೆ ಸ್ನಾನ ಮಾಡಿ ಬಂದು ಕೊಟ್ಟಿಗೆಗೆ ಹೋದರು. ಅಂದು ಹಾಲು ಕರೆಯುವಾಗ ಅವರು ಎಮ್ಮೆಗಳೊಡನೆ ಮಾತಾಡಲಿಲ್ಲ. ತಂಬಿಗೆಗೆ ಹಾಲು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಹೊರಬಂದವರು ನನ್ನನ್ನು ನೋಡಿ, "ಎಂತ ನಿಂತ್ಕಂಡು ನೋಡ್ತೆ? ಸೊಪ್ಪು ಹಾಸು" ಎಂದರು.

ಮೂವತ್ತರ ದಶಕದ ಕೊನೆಗೆ ನನ್ನ ಗಂಡ ಯಲ್ಲಾಪುರದಲ್ಲಿ ಮಾಸ್ತರಿಕೆ ಹಿಡಿದರು. ನಾವು ಬೇರೆ ಹೋಗಿ ಒಂದು ಹಸು ಕಟ್ಟಿಕೊಂಡೆವು. ದೊಡ್ಡತ್ತೆಯನ್ನು ಕಡೆಯ ಸಲ ಕಂಡಾಗ ಅವರು ಕಾಲು ಬಾತು, ಕೊಟ್ಟಿಗೆಯ ಬಾಗಿಲಲ್ಲಿ ಮಣೆ ಹಾಕಿ ಕೂತು, ಒಳಗಿದ್ದ ಸೊಸೆಯಂದಿರಿಗೆ ಕೆಲಸ ಹೇಳುತ್ತಿದ್ದರು. ನಾನು ನಮಸ್ಕಾರ ಮಾಡಿ ಬರುತ್ತೇನೆ ಎಂದೆ.

"ಬಪ್ಪದಾದ್ರೆ ಬೇಗ ಬಾ. ಕಡಿಗೆ ಬಂದು ಫೋಟೋ ಮುಂದೆ ಅಳಲೆ ಆಗ್ತಿಲ್ಲೆ. ಆನು ಫೋಟೋ ತೆಗೆಸಿದ್ನಿಲ್ಲೆ."

ಬೇಗ ಹೋಗಲಾಗಲಿಲ್ಲ. ಅವರಿಗೆ ಜೋರಾಗಿದೆ ಎಂದು ಹೇಳಿಕಳಿಸಿದಾಗ ನಮ್ಮ ಹಸುವಿಗೆ ದಿನ ತುಂಬಿತ್ತು, ಚೊಚ್ಚಲು, ಮನೆಯಲ್ಲಿ ನಾನೊಬ್ಬಳೇ. ಕರು ಅಡ್ಡ ತಿರುಗಿತ್ತು. ಕೈ ಹಾಕಿ ಕರುವನ್ನು ಸರಿ ಮಾಡಿ ಹೊರಗೆಳೆದು, ಅದು ಎದ್ದು ನಿಂತು ಮೊಲೆ ಹಿಡಿಯುವುದನ್ನು ನೋಡಿ ಹೊರಟೆ. ಸಿದ್ದಾಪುರ ಮುಟ್ಟುವಾಗ ಅವರು ಹೋಗಿ ಒಂದು ದಿನವಾಗಿತ್ತು. ತಡವಾದದ್ದಕ್ಕೆ ಅಲ್ಲಿ ಎಲ್ಲರೂ ನನ್ನನ್ನು ಒಂದು ಥರ ನೋಡಿದರು. ನಾನು ಕಾರಣ ಹೇಳಲಿಲ್ಲ. ಆ ಕಾರಣವನ್ನು ಒಪ್ಪುವವರು ಆ ಮನೆಯಲ್ಲಿ ಇದ್ದದ್ದು ಒಬ್ಬರೇ.