ಚಂದ್ರಿಯ ಮೂಗಿಗೆ ಈರುಳ್ಳಿ ಬಲೆ

ಈರುಳ್ಳಿ ಖಾಲಿಯಾದ ಕೆಂಪು ಬಲೆಚೀಲವನ್ನು ಮಡಿಸಿ ಎತ್ತಿಡುತ್ತಿದ್ದೆ.

"ಅಜ್ಜೀ, ಅದು ಕಚ್ರಾ ಅಲ್ವಾ?" ಎಂದಳು ಮೊಮ್ಮಗಳು.

"ಕುದುರೆಗೆ ಬೇಕಾದೀತು."

"ಥರ್ಡ್ ಫ್ಲೋರಿಗೆ ಕುದುರೆ ಬರುತ್ತಾ?"

ನಾಸಿಕ್ ಊರಿನ ಈ ಫ್ಲ್ಯಾಟಿಗೆ ಬರಲಾರದು, ನಿಜ. ಆದರೂ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಸಂಭಾಜಿನಗರದಲ್ಲಿ ನಮ್ಮದೊಂದು ಪುಟ್ಟ ಹೋಟೆಲಿತ್ತು. ಹಿತ್ತಲಿನ ಬೇವಿನ ಮರದಡಿ ಮಲ್ಲಪ್ಪ ತನ್ನ ಬಿಳಿ ಕುದುರೆ ಚಂದ್ರಿಯನ್ನು ಕಟ್ಟುತ್ತಿದ್ದ. ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದವನು, ಮದುವೆ ಮೆರವಣಿಗೆಗೆ ಕುದುರೆ ಒದಗಿಸುವವನಾಗಿದ್ದ. ಬ್ಯಾಂಡಿನ ಹಿಂದೆ ಗಂಭೀರವಾಗಿ ನಡೆಯುತ್ತಿದ್ದ ಚಂದ್ರಿ ಒಂದು ಬೇಸಿಗೆಯಲ್ಲಿ ಬಿಸಿಲಿಗೆ ಬಂದೊಡನೆ ತಲೆಯನ್ನು ಮೇಲೆ ಕೆಳಗೆ ಜಾಡಿಸಿ ಒಗೆಯತೊಡಗಿತು. ಸೀನುವುದು, ಮೂಗನ್ನು ಮುಂಗಾಲಿಗೆ ಉಜ್ಜುವುದು ಬೇರೆ. ಒಬ್ಬ ಮದುಮಗ ಬೀಳುವುದೊಂದು ಬಾಕಿ.

"ಮಾರಿಬಿಡ್ತೀನ್ರಿ ಅಕ್ಕಾರ," ಎಂದ ಮಲ್ಲಪ್ಪ. "ತಲಿ ಒಗಿಯೂ ಕುದುರಿ ಮ್ಯಾಲೆ ಯಾರ್ ಕೂಡ್ತಾರ್ರಿ?" ಹಾಗೆನ್ನುವಾಗಲೂ ಅದರ ಕುತ್ತಿಗೆ ಸವರುತ್ತಲೇ ಇದ್ದ.

ನಮ್ಮ ಯಜಮಾನರಿಗೆ ಕಾರಣ ಆಗಲೇ ಗೊತ್ತಿತ್ತು. "ದೃಷ್ಟಿ ಮಾರಾಯ, ಬೇರೆಂಥದೂ ಅಲ್ಲ." ಬೆಳಿಗ್ಗೆ ಗಲ್ಲಾದ ಮೇಲಿನ ದೇವರಿಗೆ ಲೋಬಾನದ ಹೊಗೆ ಹಾಕಿದ ಮೇಲೆ, ಅದನ್ನೇ ಚಂದ್ರಿಯ ಮುಖಕ್ಕೂ ಹಿಡಿಯತೊಡಗಿದರು. ಅದು ಇನ್ನೂ ಜೋರಾಗಿ ತಲೆ ಒಗೆದರೆ, "ನೋಡು, ದೃಷ್ಟಿ ಬಿಡ್ತಾ ಉಂಟು!" ಎಂಬ ಸಂತೋಷ. ಪಕ್ಕದಲ್ಲಿ ನಾನೂ ಕೈಮುಗಿದು ನಿಂತಿರುತ್ತಿದ್ದೆ, ಸುಳ್ಳೇಕೆ.

ಕೊನೆಗೆ ಮಲ್ಲಪ್ಪ ಪಶುವೈದ್ಯೆಯನ್ನು ಕರೆತಂದ. ಅವರು ಹಲ್ಲು, ಕಿವಿ, ಕಣ್ಣು, ಲಗಾಮು ಎಲ್ಲ ನೋಡಿದರು. ಇದು ಹಟವಲ್ಲ, ನೋವು ಎಂದರು. ಮುಖದ ನರ ಅತಿಸೂಕ್ಷ್ಮವಾದರೆ ಬಿಸಿಲು, ಗಾಳಿ, ಧೂಳು ಕೂಡ ಕರೆಂಟು ಹೊಡೆದಂತೆ ಚುಚ್ಚುತ್ತದಂತೆ. ಯಜಮಾನರು ಧೂಪಾರತಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. "ಪೂರ್ತಿ ವಾಸಿಯಾಗುತ್ತದೆಂದು ಹೇಳಲಾರೆ, ಮೂಗಿನ ಮೇಲೆ ತೆಳು ಬಲೆ ಕಟ್ಟಿದರೆ ಕೆಲವು ಕುದುರೆಗಳಿಗೆ ಹಿತವಾಗುತ್ತದೆ," ಎಂದರು ವೈದ್ಯೆ. ಬಲೆ ಎಂದೊಡನೆ ನಾನು ಅಡುಗೆಮನೆಗೆ ಓಡಿದೆ.

ತೊಳೆದ ಈರುಳ್ಳಿ ಚೀಲವನ್ನು ವೈದ್ಯೆಯೇ ಕತ್ತರಿಸಿ, ಉಸಿರಿಗೆ ಅಡ್ಡಿಯಾಗದಂತೆ ಸಡಿಲವಾಗಿ ಕಟ್ಟಿದರು. ಮಲ್ಲಪ್ಪ ಚಂದ್ರಿಯನ್ನು ಬಿಸಿಲಿಗೆ ನಡೆಸಿದ. ಒಮ್ಮೆ ತಲೆ ಒಗೆಯಿತು. ಇನ್ನೊಮ್ಮೆ, ಮೆಲ್ಲಗೆ. ಆಮೇಲೆ ಸುಮ್ಮನೆ ನಿಂತು ಕಿವಿ ಆಡಿಸಿತು.

"ನಿಂತೈತ್ರಿ ಅಕ್ಕಾರ!" ಮಲ್ಲಪ್ಪನ ದನಿ ಒಡೆದಿತ್ತು. ನನಗಂತೂ ಅಳುವೇ ಬಂತು. ಮಾರುವ ಮಾತು ಅಲ್ಲಿಗೆ ಮುಗಿಯಿತು. ಈಗಲೂ ಬೇಸಿಗೆಯಲ್ಲಿ ಬಲೆ ಕಟ್ಟುತ್ತಾನೆ, ಬಿಸಿಲಿಳಿದ ಮೇಲಿನ ಮೆರವಣಿಗೆಗಳನ್ನಷ್ಟೇ ಒಪ್ಪುತ್ತಾನೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೆಳಗೆ ಬ್ಯಾಂಡು ಕೇಳಿಸಿತು. ಬಾಲ್ಕನಿಗೆ ಹೋದೆವು. ಮೊದಲೆಲ್ಲ ಮದುಮಗನ ಮುಖವನ್ನೇ ನೋಡುತ್ತಿದ್ದೆ, ಈಗ ಕಣ್ಣು ಕುದುರೆಯ ತಲೆಗೇ ಹೋಗುತ್ತದೆ. ಅದು ನೆಟ್ಟಗೆ, ನೆಮ್ಮದಿಯಾಗಿ ನಡೆಯುತ್ತಿತ್ತು.

"ಅಜ್ಜೀ, ಇದಕ್ಕೆ ನೋವಿಲ್ಲ," ಎಂದಳು ಮೊಮ್ಮಗಳು. ಒಳಗೆ ಬಂದವಳೇ ಚೀಲವನ್ನು ತಾನೇ ಮಡಿಸಿ ಎತ್ತಿಟ್ಟಳು.