ಕಮಾನು ಪೇಟೆಯ ಎಂಟನೆಯ ಅಂಗಡಿ

ಅಂದು ಬೆಳಿಗ್ಗೆ ಅಂಗಳ ಗುಡಿಸಿದೆ, ಎರಡು ಕೊಡ ನೀರು ಹೆಚ್ಚಿಗೆ ತುಂಬಿಟ್ಟೆ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಎಣ್ಣೆಯ ವಾಸನೆ ಬೆರಳಿಗೆ ಹತ್ತಿದ್ದೇ ತಡ, ಗಜೇಂದ್ರಗಡದ ಕಮಾನು ಪೇಟೆಯ ಹಿಂದಿದ್ದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು. ಆ ಮನೆ ಈಗಿಲ್ಲ. ಅಲ್ಲಿ ಸೂಡಿ ಕಡೆಯಿಂದ ಸಂತೆಗೆ ಬಂದವರು ಬೈಕು ನಿಲ್ಲಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಸಂಜೆಯಾದರೆ ಸಾಕು, ದರ್ಜಿ ಮಾಬುಸಾಬ ಕಾಕಾ ತನ್ನ ಯಂತ್ರವನ್ನು ಹೊತ್ತು ತಂದು ನಮ್ಮ ಪಡಸಾಲೆಯ ಮೂಲೆಗಿಡುತ್ತಿದ್ದ. ಅವ್ವ ಅದರ ಮೇಲೆ ಹಳೆಯ ಸೀರೆ ಹೊದಿಸುತ್ತಿದ್ದಳು, ಮಗುವಿಗೆ ಹೊದಿಸಿದ ಹಾಗೆ.

ಪೇಟೆಯ ಅಂಗಡಿಗಳಿಗೆ ಕದ ಇರಲಿಲ್ಲ. ಉದ್ದುದ್ದ ಹಲಗೆಗಳನ್ನು ಒಂದರ ಪಕ್ಕ ಒಂದು ಸೇರಿಸಿ ಮುಚ್ಚುತ್ತಿದ್ದರು. ಅದಲುಬದಲಾಗದಿರಲೆಂದು ಹಲಗೆಯ ಒಳಮೈಗೆ ಅಂಗಡಿಯ ಸಂಖ್ಯೆ ಕೊರೆದಿತ್ತು. ಕಾಕಾ ಕೂರುತ್ತಿದ್ದದ್ದು ನಾಲ್ಕನೆಯ ಮತ್ತು ಐದನೆಯ ಅಂಗಡಿಯ ನಡುವಿನ ಸಂದಿಯಲ್ಲಿ. ಮೇಲೆ ಕಮಾನು, ಮುಂದೆ ಒಂದು ಪರದೆ, ಅಷ್ಟೇ. ತನ್ನ ಜಾಗಕ್ಕೆ ಹಲಗೆಯಿಲ್ಲದ ಆತ ಉಳಿದೆಲ್ಲರ ಹಲಗೆಗಳಿಗೂ ಹೆಗಲು ಕೊಡುತ್ತಿದ್ದ. ಯಾವುದು ಯಾರದೆಂದು ಸಂಖ್ಯೆ ನೋಡದೆ, ಮುಟ್ಟಿಯೇ ಹೇಳುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪೇಟೆಯ ದುರಸ್ತಿಗೆಂದು ಊರವರು ಒಂದು ಸಮಿತಿ ಮಾಡಿಕೊಂಡಿದ್ದರು. ನಿವೃತ್ತ ಮಾಸ್ತರರೊಬ್ಬರು ಪೇಟೆಯ ಇತಿಹಾಸ ಬರೆಯುತ್ತಿದ್ದರು. ಅದರಲ್ಲಿರುವ ಅಂಗಡಿಗಳ ಲೆಕ್ಕದ ಪ್ರಕಾರವೇ ದುರಸ್ತಿಯಾದ ಮೇಲೆ ಜಾಗ ಮರಳಿ ಕೊಡುವುದೆಂದು ತೀರ್ಮಾನವಾಗಿತ್ತು. ಕಾಕಾ ತೀರಿಕೊಂಡ ಮೇಲೆ ಅದೇ ಸಂದಿಯಲ್ಲಿ ರವಿಕೆ ಹೊಲಿಯುತ್ತಿದ್ದವಳು ಅವನ ಮಗಳು ಹಸೀನಾ. ನಾನು ಪೇಟೆಯ ಹಿಂದೆಯೇ ಬೆಳೆದವಳೆಂದು ಅಂದು ಮಧ್ಯಾಹ್ನ ಮಾಸ್ತರರು ಬರೆದದ್ದನ್ನು ತೋರಿಸಲು ನಮ್ಮ ಈಗಿನ ಮನೆಗೆ ಬಂದರು. ಅವರ ಹಿಂದೆಯೇ ಹಸೀನಾ ಬಂದು ಹೊಸ್ತಿಲಲ್ಲಿ ನಿಂತಳು.

‘ಒಟ್ಟು ಏಳು ಅಂಗಡಿ’ ಎಂದು ಮಾಸ್ತರರು ಓದಿದರು.

‘ಎಂಟು ಅದಾವ್ರಿ’ ಎಂದೆ.

‘ಹಲಗಿ ಒಂದೊಂದs ತಿರುವಿ ನೋಡೇನಿ, ತಂಗಿ. ಏಳರ ಮ್ಯಾಲೆ ಸಂಖ್ಯೆನs ಇಲ್ಲ.’

‘ಮಾಬುಸಾಬ ಕಾಕಾಂದು?’

‘ಅದು ಸಂದಿ. ಬಾಗಲಾ ಇಲ್ಲದ್ದು ಅಂಗಡಿ ಹ್ಯಾಂಗಾಗತೈತಿ?’

‘ನಿಮ್ಮ ಮದುವಿ ಕೋಟು ಹೊಲಿದವರು ಯಾರ್ರಿ?’

ಮಾಸ್ತರರು ಕನ್ನಡಕ ತೆಗೆದರು. ‘ಮಾಬುಸಾಬನs. ತೋಳು ಗಿಡ್ಡ ಮಾಡಿದ್ದ.’

ಹಸೀನಾ ಬಾಗಿಲಿನಿಂದಲೇ ಅಂದಳು: ‘ನೀವು ಅಳತಿ ಕೊಡಾಗ ಕೈ ಮಡಚಿದ್ರಂತ. ಅಬ್ಬಾ ಹೇಳತಿದ್ರು.’

‘ಅಳತಿ ಕೊಡಾಕ ಸಂದಿಗೆ ಹೋಗಿದ್ರೋ, ಅಂಗಡಿಗೋ?’ ಎಂದು ನಾನು ಕೇಳಿದೆ.

ಮಾಸ್ತರರು ನಗಲಾರದೆ ನಕ್ಕರು. ಆದರೂ ಪೆನ್ನು ತೆಗೆಯಲಿಲ್ಲ. ‘ಖರೇ. ಆದ್ರ ನಾಳೆ ಯಾರರ ಕೇಳಿದ್ರ? ಬಾಗಲಾ ಎಲ್ಲಿತ್ತು ಅಂದ್ರ?’

‘ನಮ್ಮ ಮನಿ ಬಾಗಲಾನs ಆ ಅಂಗಡಿ ಬಾಗಲಾ ಆಗಿತ್ರಿ. ದಿನಾ ಸಂಜಿಗೆ ಅಂಗಡಿ ನಮ್ಮ ಪಡಸಾಲ್ಯಾಗ ಬಂದು ಮಲಗತಿತ್ತು. ಹಂಗs ಬರೀರಿ.’

ಇದನ್ನು ನಾನು ಯೋಚಿಸಿ ಹೇಳಲಿಲ್ಲ. ಅವ್ವ ಸೀರೆ ಹೊದಿಸುತ್ತಿದ್ದದ್ದು ನೆನಪಾಗಿ ಬಾಯಿಗೆ ಬಂತು. ಮಾಸ್ತರರು ಪೆನ್ನು ತೆಗೆದರು. ಆಮೇಲೆ ಏಳನ್ನು ಹೊಡೆದು ಎಂಟು ಮಾಡಿ, ಬದಿಗೆ ಸಣ್ಣಕ್ಷರದಲ್ಲಿ ಬರೆದು, ಗಟ್ಟಿಯಾಗಿ ಓದಿದರು: ‘ಎಂಟನೆಯದು ದರ್ಜಿ ಮಾಬುಸಾಬರ ಅಂಗಡಿ. ಇದಕ್ಕೆ ಹಲಗೆಗಳಿರಲಿಲ್ಲ, ಹಿಂದಿನ ಮನೆಯ ಬಾಗಿಲೇ ಇದರ ಬಾಗಿಲು.’ ಇರದ ಮನೆಯೊಂದು ಹೀಗೆ ಒಂದು ಸಾಲಿನೊಳಗೆ ನಿಂತುಕೊಂಡಿತು. ಹಸೀನಾ ಆಗ ಒಳಗೆ ಬಂದಳು.

ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡೆವು. ಮಾಸ್ತರರು ಸಾಕು ಸಾಕು ಎನ್ನುತ್ತಲೇ ಮೂರನೆಯ ರೊಟ್ಟಿ ಹಾಕಿಸಿಕೊಂಡರು. ಅವರು ಹೋದ ಮೇಲೆ ಚಾಪೆ ಹಾಸಿದೆ. ಜಾಗ ಹೋದೀತೆಂಬ ಚಿಂತೆಗೆ ಹಸೀನಾ ಎಷ್ಟೋ ದಿನದಿಂದ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲವಂತೆ. ನಾನು ದಿಂಬು ತರುವಷ್ಟರಲ್ಲಿ ಅವಳು ಮಲಗಿಬಿಟ್ಟಿದ್ದಳು.